ನಿಸರ್ಗಚಿತ್ರವೂ ಚರಿತ್ರೆಯ ಸಾಕ್ಷ್ಯವೂ

ಬೆಟ್ಟ, ಕಾಡು, ಕೆರೆಗಳ ಎದುರಿನಲ್ಲಿಯೇ ಕುಳಿತು ಬರೆದ ಚಿತ್ರವನ್ನು ಕಲಾಭಿಜ್ಞರು ಸೌಂದರ್ಯದ ದೃಷ್ಟಿಯಿಂದ ವಿವೇಚಿಸುವರು. ಚರಿತ್ರೆಯ ವಿದ್ಯಾರ್ಥಿಯು ಅದನ್ನು ಸಾಕ್ಷ್ಯವೆಂದೂ ಪರಿಶೀಲಿಸಬೇಕು. ಶಾಸನಗಳು ದತ್ತಿಭೂಮಿಯ ಎಲ್ಲೆಯನ್ನು ಹೇಳುತ್ತವೆ. ಆ ಎಲ್ಲೆಯೊಳಗಿನ ನೆಲವು ಕಣ್ಣಿಗೆ ಹೇಗೆ ತೋರುತ್ತಿತ್ತೆಂಬುದನ್ನು ಹೇಳುವುದು ಅಪೂರ್ವ. ಈ ಕೊರತೆಯನ್ನು ಚಿತ್ರವು ತುಂಬಬಲ್ಲುದು.

ಆದರೆ ಎಲ್ಲ ಸಾಕ್ಷ್ಯಗಳಂತೆ ಇದನ್ನೂ ಒರೆಗೆ ಹಚ್ಚಬೇಕು. 1791ರಲ್ಲಿ ಕಾರ್ನ್‌ವಾಲಿಸನ ಸೈನ್ಯದೊಡನೆ ಮೈಸೂರು ಸೀಮೆಗೆ ಬಂದ ರಾಬರ್ಟ್ ಹೋಮ್ ಎಂಬ ಆಂಗ್ಲ ಚಿತ್ರಕಾರನು ಸಾವನದುರ್ಗ, ಶಿವಗಂಗೆ ಮೊದಲಾದ ಬೆಟ್ಟಗಳ ದೃಶ್ಯಗಳನ್ನು ಚಿತ್ರಿಸಿದನು. ಅವು 1794ರಲ್ಲಿ ಲಂಡನ್ನಿನಲ್ಲಿ ಪುಸ್ತಕರೂಪವಾಗಿ ಪ್ರಕಟವಾದುವು. ಅಲ್ಲಿ ಬೆಟ್ಟವೆಂಬುದು ಮೊದಲು ಕೋಟೆ. ನೋಡುವ ಕಣ್ಣು ಯುದ್ಧಕ್ಕೆ ಬಂದವರ ಕಣ್ಣು.

ನಾಡವರ ಕಣ್ಣಿನ ನೋಟ ಬೇರೆ. ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರಾಗಿದ್ದ ಕೆ. ವೆಂಕಟಪ್ಪನವರು (1886–1965) ಉದಕಮಂಡಲ, ಕೊಡೈಕಾನಲ್‌ಗಳಲ್ಲಿ ಮಂಜನ್ನೂ ಬೆಳಕನ್ನೂ ಬಹುಕಾಲ ಗಮನಿಸಿ ಜಲವರ್ಣದ ಚಿತ್ರಗಳನ್ನು ಬರೆದರು. ಅವರ ಹೆಸರಿನ ಕಲಾಶಾಲೆಯು ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿ ಏರ್ಪಟ್ಟುದು ಅವರ ನಿಧನಾನಂತರ, 1970ರ ದಶಕದಲ್ಲಿ. ಸ್ವಾತಂತ್ರ್ಯ ಹೋರಾಟಗಾರರಾಗಿದ್ದ ರುಮಾಲೆ ಚನ್ನಬಸವಯ್ಯನವರು (1910–1988) 1960ರ ದಶಕದಲ್ಲಿ ಮತ್ತೆ ಕುಂಚ ಹಿಡಿದು ಬೆಂಗಳೂರಿನ ಹೂಮರಗಳನ್ನು ಮರದೆದುರೇ ಚಿತ್ರಿಸಿದರು. ನಗರವು ಬದಲಾದ ಮೇಲೆ ಆ ಚಿತ್ರಗಳು ಹಳೆಯ ಬೀದಿಗಳಿಗೆ ಸಾಕ್ಷಿಯೂ ಆಗಿವೆ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಪ್ರದೇಶವು ಇಂತಹ ಕಾರ್ಯಕ್ಕೆ ಯೋಗ್ಯವಾದುದು. ತಗ್ಗಿನಲ್ಲಿ ಕೆರೆ, ಅದರ ಕೆಳಗೆ ತೆಂಗಿನ ತೋಟ, ಮೇಲೆ ಕುರುಚಲು ಕಾಡಿನ ಗುಡ್ಡ. ತೋಟದೊಳಗೆ ಗರಿಗಳ ನಡುವೆ ಸೋಸಿ ಬೀಳುವ ಬಿಸಿಲು ಗಳಿಗೆಗಳಿಗೆಗೂ ಸ್ಥಾನ ಬದಲಿಸುವುದರಿಂದ, ಚಿತ್ರಕಾರನು ಮರುದಿನವೂ ಅದೇ ವೇಳೆಗೆ ಅದೇ ಸ್ಥಳಕ್ಕೆ ಬರಬೇಕಾಗುತ್ತದೆ. ಜಲವರ್ಣದಲ್ಲಿ ಬೆಳಕೆಂದರೆ ಬಣ್ಣ ಹಚ್ಚದೆ ಬಿಟ್ಟ ಕಾಗದವೇ. ಬೇಸಗೆಯಲ್ಲಿ ಬಣ್ಣವು ಹರಡುವ ಮೊದಲೇ ಒಣಗುವುದು. ಮುಂಗಾರಿನ ತೇವದಲ್ಲಿ ಒಣಗದೆ ಕಾಯಿಸುವುದು.

ಛಾಯಾಚಿತ್ರವಿರುವಾಗ ಈ ಶ್ರಮವೇಕೆಂದು ಕೇಳಬಹುದು. ಯಂತ್ರವು ಕ್ಷಣವೊಂದನ್ನು ಹಿಡಿಯುತ್ತದೆ. ಹಲವು ದಿನ ಒಂದೆಡೆ ಕುಳಿತವನಾದರೋ ಆ ಗುಡ್ಡದ ಹೆಸರನ್ನೂ ಅಲ್ಲಿ ಮೇಯುವ ದನಗಳ ದಾರಿಯನ್ನೂ ಅರಿಯುತ್ತಾನೆ. ನಿಜ, ಅಂದಕ್ಕಾಗಿ ಅವನು ಮರವೊಂದನ್ನು ಪಕ್ಕಕ್ಕೆ ಸರಿಸಲೂಬಹುದು. ಆದುದರಿಂದಲೇ ಚಿತ್ರದ ಹಿಂಬದಿಯಲ್ಲಿ ಸ್ಥಳ, ತಿಂಗಳು, ವೇಳೆ, ನಿಂತ ದಿಕ್ಕು, ಮಾಡಿದ ಮಾರ್ಪಾಡು ಇವಿಷ್ಟನ್ನೂ ಬರೆದಿಡತಕ್ಕದ್ದು.

ಪ್ರದರ್ಶನವು ಈ ಸಾಕ್ಷ್ಯದ ಪರೀಕ್ಷೆ. ಗಾಜು ಹಾಕಿ, ನೇರ ಬಿಸಿಲು ತಾಕದ ಗೋಡೆಯಲ್ಲಿ ತೂಗಿದರೆ ಜಲವರ್ಣವು ಬಣ್ಣಗೆಡದೆ ಬಹುಕಾಲ ಉಳಿಯುವುದು. ನಗರದ ಕಲಾಶಾಲೆಗೆ ಕಳುಹುವ ಮೊದಲು ತಿಪಟೂರಿನಲ್ಲಿಯೇ, ಕೊಬ್ಬರಿ ಹರಾಜಿಗೆ ರೈತರು ಬರುವ ದಿನ, ಕಾಲೇಜಿನ ಸಭಾಂಗಣದಲ್ಲಿ ಇವನ್ನು ತೋರಿಸುವುದು ಮೇಲು. ಬೆಟ್ಟದ ಹೆಸರು ತಪ್ಪಾಗಿದ್ದರೆ ತಿದ್ದಬಲ್ಲವರು ಅವರೇ.

ಇದಕ್ಕೆ ಕಾಲವು ಕಾಯಲಾರದು. ಚಿಕ್ಕನಾಯಕನಹಳ್ಳಿಯ ಬೆಟ್ಟಸಾಲಿನಲ್ಲಿ ಕಬ್ಬಿಣ, ಮ್ಯಾಂಗನೀಸ್ ಅದಿರುಗಳಿವೆ. 2011ರ ಆಗಸ್ಟ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ಗಣಿಗಾರಿಕೆಯ ನಿಷೇಧವನ್ನು ತುಮಕೂರು ಜಿಲ್ಲೆಗೂ ವಿಸ್ತರಿಸುವ ವೇಳೆಗೆ ಕೆಲವು ಗುಡ್ಡಗಳ ಮೈ ಬದಲಾಗಿಹೋಗಿತ್ತು. ಅಗೆದ ಗುಡ್ಡದಲ್ಲಿ ಮರ ನೆಡಬಹುದು, ಅದರ ಹಿಂದಿನ ಆಕಾರವನ್ನು ಮರಳಿ ತರಲಾಗದು. ಅದಿರನ್ನು ತೂಕಮಾಡಿದ ಲೆಕ್ಕ ಕಡತಗಳಲ್ಲಿ ಉಳಿಯುತ್ತದೆ. ಅದಿರಿನ ಮೇಲಿದ್ದ ಗುಡ್ಡದ ರೂಪವನ್ನು ಬರೆದಿಡುವ ಹೊಣೆ ನಮ್ಮ ವಿದ್ಯಾರ್ಥಿಗಳದು.