ಸಂಜೆಯ ತೇರ್ಸ ನಿಲ್ಲದಿರಲಿ

ಇಸ್ರಯೇಲರು ಅಮಾಲೇಕ್ಯರೊಡನೆ ಹೋರಾಡುತ್ತಿದ್ದಾಗ ಮೋಶೆ ಗುಡ್ಡದ ಮೇಲೆ ಕೈಯೆತ್ತಿ ನಿಂತಿದ್ದನು. ಕೈ ಮೇಲಿದ್ದಷ್ಟು ಹೊತ್ತು ಜಯ, ದಣಿದು ಕೆಳಗಿಳಿದರೆ ಸೋಲು. ಕೊನೆಗೆ ಆರೋನ ಮತ್ತು ಹೂರ ಅವನನ್ನು ಕಲ್ಲಿನ ಮೇಲೆ ಕುಳ್ಳಿರಿಸಿ, ಎರಡು ಬದಿಯಲ್ಲಿ ನಿಂತು, ಸೂರ್ಯ ಮುಳುಗುವ ತನಕ ಆ ಕೈಗಳಿಗೆ ಆಸರೆಯಾದರು (ವಿಮೋಚನಾಕಾಂಡ 17). ಮೋಶೆಯಂಥವನಿಗೂ ಒಬ್ಬನೇ ಪ್ರಾರ್ಥನೆಯಲ್ಲಿ ನಿಲ್ಲಲು ಆಗಲಿಲ್ಲ. ಹಾಗಿರುವಾಗ ನಮ್ಮ ನಿಮ್ಮ ಪಾಡೇನು?

ಕೂಡಿ ಪ್ರಾರ್ಥಿಸುವುದು, ಬಿಡದೆ ಪ್ರಾರ್ಥಿಸುವುದು, ಇವೆರಡೂ ಸೇರಿದಾಗ ಸತ್ತಂತಿದ್ದ ಸಮುದಾಯಕ್ಕೂ ಜೀವ ಬರುತ್ತದೆ. ಇದಕ್ಕೆ ಸಾಕ್ಷಿ ನಮ್ಮ ಹತ್ತಿರವೇ ಇದೆ.

ಜಪಸರ ಗುರುತಿಸಿದ ಮನೆಗಳು

ಮಂಜೇಶ್ವರ, ವರ್ಕಾಡಿಯವರಿಗೆ ಮುಡಿಪು ದೂರವಲ್ಲ. ಅಲ್ಲಿನ ಪುಣ್ಯಕ್ಷೇತ್ರದಲ್ಲಿ ನಾವು ಸ್ಮರಿಸುವ ಸಂತ ಜೋಸೆಫ್ ವಾಜರು ಗೋವಾದವರು. 1681ರಿಂದ 1684ರವರೆಗೆ ಕೆನರಾದಲ್ಲಿ ಸೇವೆ ಮಾಡಿ, 1687ರಲ್ಲಿ ಸಿಲೋನಿಗೆ ಹೋದರು. ಡಚ್ಚರ ಆಳ್ವಿಕೆಯಲ್ಲಿ ಅಲ್ಲಿನ ಕಥೋಲಿಕರು ಸುಮಾರು 30 ವರ್ಷಗಳಿಂದ ಗುರುಗಳಿಲ್ಲದೆ ಉಳಿದಿದ್ದರು. ಬಡವನ ವೇಷದಲ್ಲಿ ಜಾಫ್ನಾ ಸೇರಿದ ವಾಜರು ಕೊರಳಿಗೆ ಜಪಸರ ಹಾಕಿಕೊಂಡು ಮನೆಮನೆಗೆ ಭಿಕ್ಷೆಗೆ ಹೋದರು. ಅದನ್ನು ನೋಡಿ ಕಣ್ಣರಳಿಸಿದವರ ಮೂಲಕವೇ ಅವರಿಗೆ ಕ್ರೈಸ್ತರ ಮನೆಗಳು ತಿಳಿದವು. ಮುಂದೆ ಅಲ್ಲಿನ ಧರ್ಮಸಭೆ ಮತ್ತೆ ಚಿಗುರಿತು. 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸ್ ಕೊಲಂಬೊದಲ್ಲಿ ವಾಜರನ್ನು ಸಂತರೆಂದು ಸಾರಿದರು.

ಸ್ವಲ್ಪ ಯೋಚಿಸಿ. ಜಪಸರವನ್ನು ಮರೆತೇ ಬಿಟ್ಟ ಮನೆಯವರಿಗೆ ಆ ಭಿಕ್ಷುಕನ ಕೊರಳಲ್ಲಿದ್ದುದು ಬರಿಯ ಮಣಿಸರವಾಗಿ ಕಾಣುತ್ತಿತ್ತು! ಇಂದು ಅವರು ನಮ್ಮ ಅಂಗಳಕ್ಕೆ ಬಂದರೆ ನಮ್ಮ ಮಕ್ಕಳು ಗುರುತಿಸಿಯಾರೇ?

ನಮ್ಮ ಪೂರ್ವಜರಿಗೂ ಅಂಥದೇ ಪರೀಕ್ಷೆ ಬಂತು. 1784ರ ವಿಭೂತಿ ಬುಧವಾರ ಕೆನರಾದ ಕ್ರೈಸ್ತರ ಸೆರೆ ಆರಂಭವಾಯಿತು. ಗುರುಗಳನ್ನು ಹೊರಗಟ್ಟಲಾಯಿತು, ಇಗರ್ಜಿಗಳು ನೆಲಸಮವಾದವು, ಜನರನ್ನು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದರು. ಹೋದವರಲ್ಲಿ ಬಹಳ ಮಂದಿ ಮರಳಲಿಲ್ಲ. 1799ರಲ್ಲಿ ಬಿಡುಗಡೆಯಾಗಿ ಬಂದವರು ವಿಶ್ವಾಸವನ್ನೂ ಹೊತ್ತು ತಂದರು. 15 ವರ್ಷ ಬಲಿಪೂಜೆಗೆ ಪೀಠವಿಲ್ಲದ ಜನರ ಬಳಿ ಬಾಯಿಪಾಠದ ಪ್ರಾರ್ಥನೆಗಳಲ್ಲದೆ ಇನ್ನೇನಿದ್ದೀತು?

ಆ ಬೇರಿನಿಂದಲೇ ಮುಂದೆ ಇಗರ್ಜಿಗಳು ಎದ್ದವು. ನಮ್ಮ ಜಿಲ್ಲೆಯ ಬೇಳದಲ್ಲಿ 1890ರಲ್ಲಿ ಗೋಥಿಕ್ ಶೈಲಿಯಲ್ಲಿ ಕಟ್ಟಿದ ದೇವಾಲಯ ಶೋಕಮಾತೆಗೆ ಸಮರ್ಪಿತ. ಶಿಲುಬೆಯ ಬುಡದಲ್ಲಿ ಆ ತಾಯಿ ಒಬ್ಬರೇ ನಿಂತಿರಲಿಲ್ಲ. ಸ್ವರ್ಗಾರೋಹಣದ ನಂತರ ಪ್ರೇಷಿತರೊಡನೆ ಮೇಲ್ಮಾಳಿಗೆಯಲ್ಲೂ ಪ್ರಾರ್ಥನೆಯಲ್ಲಿದ್ದರು. ಆ ದಿನಗಳ ಕಾಯುವಿಕೆಯಿಂದಲೇ ನಮ್ಮ ನೊವೇನಾ ಬಂತು. ಮೊಂತಿ ಹಬ್ಬಕ್ಕೆ ಮುಂಚೆ ಒಂಬತ್ತು ದಿನ ಹೂವಿನ ಬುಟ್ಟಿ ಹಿಡಿದು ಬರುವ ಮಕ್ಕಳು ಅರಿಯದೆಯೇ ಆ ಮೇಲ್ಮಾಳಿಗೆಯ ಪಾಠ ಕಲಿಯುತ್ತಿದ್ದಾರೆ.

ಗಡಿ ಮುಚ್ಚಿದ ವರ್ಷ

2020ರ ಮಾರ್ಚ್‌ನಲ್ಲಿ ತಲಪಾಡಿ ಗಡಿ ಮುಚ್ಚಿತು. ಮಂಗಳೂರಿನ ಆಸ್ಪತ್ರೆ ದೂರವಾಯಿತು, ಚರ್ಚಿನ ಬಾಗಿಲೂ ಮುಚ್ಚಿತು. ಏಪ್ರಿಲ್ 12ರ ಈಸ್ಟರ್ ಹಬ್ಬವನ್ನು ಮನೆಯೊಳಗೇ ಆಚರಿಸಿದೆವು. ಆಗ ಬೇರೆ ದಾರಿ ಕಾಣದೆ ಅನೇಕ ಮನೆಗಳಲ್ಲಿ ಅಪ್ಪ, ಅಮ್ಮ, ಮಕ್ಕಳು, ಅಜ್ಜಿ ಒಟ್ಟಿಗೆ ಮೊಣಕಾಲೂರಿದರು. ಬಾಗಿಲು ತೆರೆದ ಮೇಲೆ? ಏಳು ಗಂಟೆಯ ತೇರ್ಸದ ಜಾಗಕ್ಕೆ ಧಾರಾವಾಹಿ, ಮೊಬೈಲು, ಟ್ಯೂಷನ್ ಮರಳಿ ಬಂದವು. ವಾಳೆಯ ಕೂಟದಲ್ಲಿ ಪ್ರಾರ್ಥನೆ ಐದು ನಿಮಿಷ, ವಂತಿಗೆಯ ಚರ್ಚೆ ಒಂದು ಗಂಟೆ. ಗಂಡಸರು ಅಂಗಳದಲ್ಲೇ ನಿಲ್ಲುತ್ತಾರೆ. ಕಷ್ಟ ಬಂದಾಗ ಕೂಡುವವರು ಸುಖ ಬಂದಾಗ ಚದುರಿದರೆ ಅದು ನವೀಕರಣವಲ್ಲ.

ಕಷ್ಟವೂ ಅದೇ, ಫಲವೂ ಅದೇ

ಕೂಡಿ ಪ್ರಾರ್ಥಿಸುವುದು ಸುಲಭವಲ್ಲ. ಬೇಲಿಯ ತಕರಾರಿನಿಂದ ಮಾತು ಬಿಟ್ಟ ನೆರೆಯವನ ಪಕ್ಕದಲ್ಲೇ ಕುಳಿತು, ತಪ್ಪಿತಸ್ಥರನ್ನು ಕ್ಷಮಿಸುತ್ತೇವೆ ಎಂದು ವಾರವಾರ ಹೇಳುವುದು ಹೇಗೆ? ಒಂದೋ ಪ್ರಾರ್ಥನೆ ಬಿಡಬೇಕು, ಇಲ್ಲವೇ ಜಗಳ ಬಿಡಬೇಕು. ಬಿಡದೆ ಬರುವವನು ಒಂದು ದಿನ ಜಗಳವನ್ನೇ ಬಿಡುತ್ತಾನೆ. ಕಾಣಿಕೆಗಿಂತ ಮೊದಲು ಸಹೋದರನೊಡನೆ ರಾಜಿ ಎಂದು ಯೇಸುಸ್ವಾಮಿ ಕಲಿಸಿದ್ದು ಇದನ್ನೇ. ಪವಿತ್ರಾತ್ಮರು ಬಂದ ಗುರುತು ದೊಡ್ಡ ದನಿಯಲ್ಲಿಲ್ಲ, ಇಂಥ ರಾಜಿಯಲ್ಲಿದೆ.

ಆದುದರಿಂದ ಚಿಕ್ಕದಾಗಿಯೇ ಆರಂಭಿಸೋಣ. ಮನೆಯಲ್ಲಿ ಒಂದು ಹೊತ್ತು ಗೊತ್ತುಮಾಡಿ, ಅರ್ಧ ಗಂಟೆ ಟಿ.ವಿ., ಮೊಬೈಲು ಬದಿಗಿಡೋಣ. ಒಂದು ರಹಸ್ಯವನ್ನು ಮಕ್ಕಳೇ ನಡೆಸಲಿ. ಗಲ್ಫಿನಲ್ಲಿರುವ ಮಗನ ಹೆಸರು, ಹಾಸಿಗೆ ಹಿಡಿದ ನೆರೆಯವರ ಹೆಸರು ಪ್ರಾರ್ಥನೆಯಲ್ಲಿ ಬರಲಿ. ವಾಳೆಯ ಗುರಿಕಾರರು ತಿಂಗಳಿಗೊಮ್ಮೆ ಯಾರೂ ಹೋಗದ ಮನೆಯಲ್ಲಿ ತೇರ್ಸ ಏರ್ಪಡಿಸಲಿ. ಮೊದಲ ದಿನ ಮೂವರೇ ಬಂದರೂ ಬೇಸರ ಬೇಡ. ಇಬ್ಬರು ಮೂವರು ತನ್ನ ಹೆಸರಿನಲ್ಲಿ ಸೇರಿದಲ್ಲಿ ತಾನಿರುವುದಾಗಿ ಸ್ವಾಮಿಯೇ ಮಾತು ಕೊಟ್ಟಿದ್ದಾರೆ.

ನಮ್ಮ ಕೈಗಳೂ ದಣಿಯುತ್ತವೆ, ನಿಜ. ಆದರೆ ಪಕ್ಕದ ಮನೆಯ ಆರೋನ, ಎದುರು ಮನೆಯ ಹೂರ ಜೊತೆಗಿದ್ದರೆ ಸೂರ್ಯ ಮುಳುಗುವ ತನಕ ಅವು ಕೆಳಗಿಳಿಯಲಾರವು. ಇಂದು ಸಂಜೆಯೇ ದೀಪ ಹಚ್ಚೋಣ. ನೆರೆಯವರನ್ನೂ ಕರೆಯೋಣ.