ನಂಬರ್ ಕೊಟ್ಟಿದ್ದು ಒಂದಕ್ಕೆ, ಬಳಸಿದ್ದು ಇನ್ನೊಂದಕ್ಕೆ

"ಹಲೋ ಮೇಡಂ, ಕೊಟ್ಟೂರಲ್ವಾ ನಿಮ್ದು? ಸಿಇಟಿ ರಿಸಲ್ಟ್ ಬಂತಲ್ಲ, ಸೀಟ್ ಎಲ್ಲಿ ಪ್ಲಾನ್ ಮಾಡಿದೀರಾ?"

ಈ ತರದ ಫೋನ್ ಬರದೇ ಇರೋರು ನಮ್ಮ ಕ್ಯಾಂಪಸ್‌ನಲ್ಲಿ ಯಾರಾದ್ರೂ ಇದ್ರೆ ಕೈ ಎತ್ತಿ. 2024ರ ಜೂನ್‌ನಲ್ಲಿ ನನಗೆ ದಿನಕ್ಕೆ ಎಂಟು-ಹತ್ತು ಕಾಲ್ ಬರ್ತಿದ್ವು. ಆಗ ನನಗೆ ಸಿಟ್ಟು ಬಂದಿತ್ತೇ ಹೊರತು, "ಇವರಿಗೆ ನನ್ನ ನಂಬರ್ ಹೇಗೆ ಸಿಕ್ತು?" ಅಂತ ಒಂದು ದಿನಾನೂ ಯೋಚನೆ ಮಾಡಿರಲಿಲ್ಲ.

ಯೋಚನೆ ಮಾಡೋ ಹಾಗೆ ಮಾಡಿದ್ದು ನನ್ನ ರೂಮ್‌ಮೇಟ್. ನಮ್ಮ ಹಾಸ್ಟೆಲ್‌ನಲ್ಲಿ ವಿಜಯನಗರ ಜಿಲ್ಲೆಯವರದ್ದು ಒಂದು ಗುಂಪೇ ಇದೆ. ಹೊಸಪೇಟೆ ಬಿಟ್ಟು ಉಳಿದ ಐದೂ ತಾಲ್ಲೂಕಿನವರು ಇದೀವಿ: ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಒಂದು ರಾತ್ರಿ ಊಟ ಮುಗಿಸಿ ಹರಟೆ ಹೊಡೀತಾ ಈ ವಿಷಯ ಬಂತು. ನೋಡಿದ್ರೆ ಐದು ಊರಿಗೂ ಬಂದ ಮಾತು ಒಂದೇ: "ನಾವು ಕೆಇಎ ಕೌನ್ಸೆಲಿಂಗ್ ಕಡೆಯಿಂದ ಮಾತಾಡ್ತಿರೋದು." ನಾವು ನಾಲ್ಕು ಜನ ಫೋನ್ ಕಟ್ ಮಾಡಿದ್ವಿ. ಎಚ್.ಬಿ. ಹಳ್ಳಿಯ ನನ್ನ ರೂಮ್‌ಮೇಟ್ ಮನೆಯಲ್ಲಿ ಮಾತ್ರ ಕಟ್ ಮಾಡಲಿಲ್ಲ. ಅವಳ ಅಪ್ಪ ಮೆಕ್ಕೆಜೋಳ ಮಾರಿ ಇಟ್ಟಿದ್ದ ದುಡ್ಡಲ್ಲಿ 20,000 ರೂಪಾಯಿ "ಸೀಟ್ ಬುಕಿಂಗ್ ಶುಲ್ಕ" ಅಂತ ಯುಪಿಐ ಮಾಡಿದ್ರು. ಸೀಟು ಬಂದಿದ್ದು ಅವಳ ರ‍್ಯಾಂಕ್‌ಗೆ, ಮಾಮೂಲಿ ಆಪ್ಷನ್ ಎಂಟ್ರಿಯಲ್ಲಿ. ದುಡ್ಡು ವಾಪಸ್ ಬರಲಿಲ್ಲ.

ಅಂಕಲ್ ಹತ್ರ ನಾನೇ ಕೇಳಿದೆ, ಯಾಕೆ ನಂಬಿದ್ರಿ ಅಂತ. ಅವರು ಹೇಳಿದ್ದು ಇಷ್ಟು: "ಅವ್ರಿಗೆ ನಮ್ದೆಲ್ಲಾ ಗೊತ್ತಿತ್ತಮ್ಮ. ನನ್ ಹೆಸ್ರು, ಇವ್ಳ ಕಾಲೇಜು, ರ‍್ಯಾಂಕು, ಎಲ್ಲಾ. ಆಫೀಸ್‌ನೋರೇ ಇರ್ಬೇಕು ಅನ್ಕಂಡೆ."

ಇಡೀ ಮೋಸ ನಿಂತಿರೋದೇ ಇಲ್ಲಿ. ಅವರು ಕದ್ದಿದ್ದು ಪಾಸ್‌ವರ್ಡ್ ಅಲ್ಲ. ನಾವು ಬೇರೆ ಯಾವುದಕ್ಕೋ ಕೊಟ್ಟ ಮಾಹಿತಿಯನ್ನೇ ಇಟ್ಟುಕೊಂಡು ನಂಬಿಕೆ ಹುಟ್ಟಿಸಿದ್ರು.

ಮಾಹಿತಿ ಹೋಗಿದ್ದು ಎಲ್ಲಿಂದ?

ಆ ರಾತ್ರಿ ಕೂತು ಪಟ್ಟಿ ಮಾಡಿದ್ವಿ. ಮೂರು ಜಾಗ ಸಿಕ್ಕವು. ಒಂದು, ಕೊಟ್ಟೂರೇಶ್ವರನ ತೇರಿನ ಸಮಯದಲ್ಲಿ ಜಾತ್ರೆಯ ಸ್ಟಾಲ್ ಒಂದರಲ್ಲಿ ತುಂಬಿದ ಲಕ್ಕಿ ಡ್ರಾ ಕೂಪನ್. ಬೈಕ್ ಬರುತ್ತೆ ಅಂತ ಮನೆಮಂದಿ ಎಲ್ಲರ ಹೆಸರು, ನಂಬರ್ ಬರೆದಿದ್ವಿ. ಎರಡು, ಪಿಯು ಕಾಲೇಜಿಗೆ ಬಂದು "ಉಚಿತ ಕರಿಯರ್ ಗೈಡೆನ್ಸ್" ಕೊಟ್ಟವರ ಫಾರ್ಮ್. ಅದರಲ್ಲಿ ತಂದೆ ಹೆಸರು, ತಂದೆ ನಂಬರ್, ಬೇಕಾದ ಬ್ರಾಂಚ್ ಎಲ್ಲಾ ಇತ್ತು. ಮೂರು, ರ‍್ಯಾಂಕ್ ಹಾಕಿದ್ರೆ ಯಾವ ಕಾಲೇಜ್ ಸಿಗುತ್ತೆ ಅಂತ ತೋರಿಸೋ ವೆಬ್‌ಸೈಟ್. ಉತ್ತರ ನೋಡಬೇಕಂದ್ರೆ ಮೊದಲು ಮೊಬೈಲ್ ನಂಬರ್ ಹಾಕಬೇಕು. ಬಿಡಿ ಬಿಡಿಯಾಗಿ ಇವು ಏನೂ ಅಲ್ಲ. ಮೂರನ್ನೂ ಒಂದೇ ಎಕ್ಸೆಲ್ ಶೀಟ್‌ಗೆ ಸೇರಿಸಿದ್ರೆ "ಆಫೀಸ್‌ನೋರು" ರೆಡಿ.

ಕಾನೂನು ಏನು ಹೇಳುತ್ತೆ?

ನಾನು ಕಾನೂನು ಓದೋಳಲ್ಲ, ಆದ್ರೂ ಈ ಒಂದು ಸಾಲು ಓದಿ ಖುಷಿಯಾಯ್ತು. ಗ್ರಾಹಕ ಸಂರಕ್ಷಣಾ ಕಾಯ್ದೆ 2019, ಜಾರಿಗೆ ಬಂದಿದ್ದು 2020ರ ಜುಲೈನಲ್ಲಿ. ಅದರ ಸೆಕ್ಷನ್ 2(47) "ಅನುಚಿತ ವ್ಯಾಪಾರ ಪದ್ಧತಿ" ಅಂದ್ರೆ ಏನು ಅಂತ ಪಟ್ಟಿ ಕೊಡುತ್ತೆ. ಪಟ್ಟಿಯ ಕೊನೆಯಲ್ಲಿರೋದು ಇದು: ಗ್ರಾಹಕರು ನಂಬಿಕೆಯಿಂದ ಕೊಟ್ಟ ವೈಯಕ್ತಿಕ ಮಾಹಿತಿಯನ್ನು, ಯಾವುದಾದರೂ ಕಾನೂನು ಒಪ್ಪುವ ಸಂದರ್ಭ ಬಿಟ್ಟು, ಬೇರೆಯವರಿಗೆ ತಿಳಿಸುವುದು. 1986ರ ಹಳೇ ಕಾಯ್ದೆಯಲ್ಲಿ ಈ ಸಾಲು ಇರಲಿಲ್ಲ. ತೂಕದಲ್ಲಿ ಮೋಸ, ಸುಳ್ಳು ಜಾಹೀರಾತು ಇವುಗಳ ಸಾಲಿಗೆ ನಮ್ಮ ನಂಬರ್ ಮಾರೋದೂ ಈಗ ಸೇರಿದೆ.

ಅದೇ ಪಟ್ಟಿಯಲ್ಲಿ ಇನ್ನೊಂದು ಇದೆ: ತನಗೆ ಇಲ್ಲದ ಮಾನ್ಯತೆ ಅಥವಾ ಸಂಬಂಧ ಇದೆ ಅಂತ ಹೇಳಿಕೊಳ್ಳೋದು. "ಕೆಇಎ ಕಡೆಯಿಂದ" ಅಂದಿದ್ದು ಇದಕ್ಕೆ ಸರಿಯಾಗಿ ಹೊಂದುತ್ತೆ.

ವೆಬ್‌ಸೈಟ್, ಆ್ಯಪ್‌ಗಳ ಆಟಕ್ಕೂ ನಿಯಮ ಇದೆ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ, ಖರೀದಿಗೆ ನಮ್ಮ ಒಪ್ಪಿಗೆ ಪಡೆಯುವಾಗ ಮೊದಲೇ ಟಿಕ್ ಹಾಕಿಟ್ಟ ಬಾಕ್ಸ್ ತೋರಿಸೋ ಹಾಗಿಲ್ಲ. ಟಿಕ್ ನಾವೇ ಹಾಕಬೇಕು. 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ "ಡಾರ್ಕ್ ಪ್ಯಾಟರ್ನ್" ಬಗ್ಗೆ ಮಾರ್ಗಸೂಚಿ ಹೊರಡಿಸಿ 13 ತರದ ತಂತ್ರಗಳನ್ನು ಹೆಸರಿಸಿತು. ಅದರಲ್ಲಿ "ಫೋರ್ಸ್ಡ್ ಆ್ಯಕ್ಷನ್" ಅನ್ನೋದು ನಮಗೆಲ್ಲ ಪರಿಚಯದ್ದೇ: ನಮಗೆ ಬೇಕಾದ ಸೇವೆ ಸಿಗಬೇಕಂದ್ರೆ ಅದಕ್ಕೆ ಅಗತ್ಯವೇ ಇಲ್ಲದ ಕಾಂಟ್ಯಾಕ್ಟ್ ಲಿಸ್ಟ್, ಆಧಾರ್ ಇತ್ಯಾದಿ ಕೊಡಿ ಅಂತ ಬಲವಂತ ಮಾಡೋದು. ಅಂಗಡಿಯಲ್ಲಿ ಬಿಲ್ ಮಾಡೋಕೆ ಮೊಬೈಲ್ ನಂಬರ್ ಕೊಡಲೇಬೇಕು ಅಂತ ಒತ್ತಾಯ ಮಾಡಬಾರದು ಅಂತಲೂ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇನಲ್ಲಿ ಅಂಗಡಿಗಳಿಗೆ ಸಲಹೆ ಕಳಿಸಿದೆ. ಇನ್ಮೇಲೆ ಕೌಂಟರ್‌ನಲ್ಲಿ ನಂಬರ್ ಕೇಳಿದ್ರೆ "ಬೇಡ, ಬಿಲ್ ಅಷ್ಟೇ ಕೊಡಿ" ಅನ್ನಬಹುದು.

ಆದ್ರೆ ಒಂದು ತೂತು ಇದೆ

ಈ ಕಾಯ್ದೆಯಲ್ಲಿ "ಗ್ರಾಹಕ" ಅಂದ್ರೆ ದುಡ್ಡು ಕೊಟ್ಟವರು, ಅಥವಾ ಕೊಡ್ತೀನಿ ಅಂತ ಒಪ್ಪಿದವರು. ನನ್ನ ರೂಮ್‌ಮೇಟ್ ಅಪ್ಪ 20,000 ಕೊಟ್ಟಿದ್ದಾರೆ, ಹಾಗಾಗಿ ಅವರು ಗ್ರಾಹಕರು. ನಾನು ಜಾತ್ರೆಯಲ್ಲಿ ಪುಕ್ಕಟೆ ಕೂಪನ್ ತುಂಬಿದವಳು, ಹಾಗಾಗಿ ಈ ಕಾಯ್ದೆಯಲ್ಲಿ ನನ್ನ ಕೇಸ್ ನಿಲ್ಲೋದು ಕಷ್ಟ. "ಫ್ರೀ" ಅನ್ನೋ ಪದಕ್ಕೆ ಇಷ್ಟು ಬೆಲೆ ಇದೆ ಅಂತ ಗೊತ್ತಿರಲಿಲ್ಲ.

ಈ ತೂತು ಮುಚ್ಚೋಕೆ ಇರೋದು ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023. ಇದರ ಹಿಂದೆ ನಮ್ಮ ಕರ್ನಾಟಕದ ಹೆಸರೊಂದು ಇದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಆಧಾರ್ ವಿಚಾರವಾಗಿ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಅದೇ ಪ್ರಕರಣದಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ, ಖಾಸಗಿತನ ಮೂಲಭೂತ ಹಕ್ಕು ಅಂತ ಹೇಳಿತು.

2023ರ ಕಾಯ್ದೆಯಲ್ಲಿ ದುಡ್ಡು ಕೊಟ್ಟಿರಬೇಕು ಅನ್ನೋ ಷರತ್ತಿಲ್ಲ. ಪೇಪರ್ ಮೇಲೆ ಬರೆದ ಕೂಪನ್ ಆದ್ರೂ, ಆಮೇಲೆ ಅದನ್ನು ಎಕ್ಸೆಲ್‌ಗೆ ಹಾಕಿದ್ರೆ ಈ ಕಾಯ್ದೆಯೊಳಗೆ ಬರುತ್ತೆ. ಯಾವ ಉದ್ದೇಶಕ್ಕೆ ಅಂತ ಹೇಳಿ ಒಪ್ಪಿಗೆ ತಗೊಂಡರೋ ಆ ಉದ್ದೇಶಕ್ಕೆ ಮಾತ್ರ ಆ ಒಪ್ಪಿಗೆ. ಬೇಡ ಅನ್ನಿಸಿದ್ರೆ ಒಪ್ಪಿಗೆ ಹಿಂದಕ್ಕೆ ತಗೋಬಹುದು. 18 ವರ್ಷ ತುಂಬದವರಾದ್ರೆ ಅಪ್ಪ-ಅಮ್ಮನ ಒಪ್ಪಿಗೆ ಬೇಕು. ಪಿಯುನಲ್ಲಿ ಆ ಫಾರ್ಮ್ ತುಂಬಿದಾಗ ನಮಗೆಲ್ಲ 17!

ನಮ್ಮ ಕನ್ನಡ ಸಂಘಕ್ಕೆ ಇಷ್ಟ ಆಗೋ ವಿಷಯ ಇನ್ನೊಂದು: ಒಪ್ಪಿಗೆ ಕೇಳೋ ನೋಟಿಸ್ ಅನ್ನು ಇಂಗ್ಲಿಷ್‌ನಲ್ಲಿ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದ ಯಾವುದೇ ಭಾಷೆಯಲ್ಲಿ ಓದೋ ಆಯ್ಕೆ ಕೊಡಬೇಕು. ಅಂದ್ರೆ ಕನ್ನಡದಲ್ಲಿ ಕೇಳೋದು ನಮ್ಮ ಹಕ್ಕು. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನನಗೇ ಆ ನಾಲ್ಕು ಪುಟದ "ಟರ್ಮ್ಸ್" ಅರ್ಥ ಆಗಲ್ಲ, ಅಂಕಲ್‌ಗೆ ಹೇಗೆ ಆಗಬೇಕು?

ಇಲ್ಲೂ ಎರಡು ಕೊರತೆ ಇವೆ. ನಿಯಮಗಳು ಬಂದಿದ್ದು 2025ರ ನವೆಂಬರ್‌ನಲ್ಲಿ. ಮುಖ್ಯ ಭಾಗಗಳು ಜಾರಿಗೆ ಬರೋದು ಅದಾಗಿ 18 ತಿಂಗಳಿಗೆ, ಅಂದ್ರೆ 2027ರ ಮೇ ಹೊತ್ತಿಗೆ. ಮತ್ತೆ, ದಂಡ 250 ಕೋಟಿವರೆಗೂ ಹಾಕಬಹುದು ನಿಜ, ಆದ್ರೆ ಆ ದುಡ್ಡು ಹೋಗೋದು ಸರ್ಕಾರದ ಖಜಾನೆಗೆ, ಮೋಸ ಹೋದವರಿಗಲ್ಲ. ಹಾಗಾಗಿ ಕೈಬಿಟ್ಟ ದುಡ್ಡು ವಾಪಸ್ ಕೇಳೋಕೆ ಇವತ್ತಿಗೂ ಗ್ರಾಹಕ ಕಾಯ್ದೆಯೇ ದಾರಿ.

ನೇರ ಅಪರಾಧ ಆದ್ರೆ?

ಕೆಲವು ಸಲ ವಿಷಯ ಗ್ರಾಹಕ ಆಯೋಗವನ್ನು ದಾಟಿ ಪೊಲೀಸರ ಹತ್ರ ಹೋಗುತ್ತೆ. ನಾವು ಸೀಟು ತಗೊಂಡ ವರ್ಷವೇ ಒಂದು ಕೇಸ್ ಬಂತು. 2024ರ ನವೆಂಬರ್‌ನಲ್ಲಿ ಕೆಇಎ ಸೀಟ್ ಬ್ಲಾಕಿಂಗ್ ಬಗ್ಗೆ ಬೆಂಗಳೂರಿನ ಮಲ್ಲೇಶ್ವರಂ ಠಾಣೆಯಲ್ಲಿ ದೂರು ದಾಖಲಾಗಿ, ಡಿಸೆಂಬರ್ ಶುರುವಲ್ಲಿ ಪೊಲೀಸರು ಕೆಇಎ ಸಿಬ್ಬಂದಿಯೊಬ್ಬರೂ ಸೇರಿ 10 ಜನರನ್ನು ಬಂಧಿಸಿದರು. ಸೀಟು ಬೇಡ ಅಂತ ಬಿಟ್ಟಿದ್ದ ಅಭ್ಯರ್ಥಿಗಳ ಲಾಗಿನ್ ಐಡಿ, ಪಾಸ್‌ವರ್ಡ್ ಬಳಸಿ ಅವರ ಹೆಸರಲ್ಲಿ ಆಪ್ಷನ್ ಎಂಟ್ರಿ ಮಾಡಿದ್ರು ಅನ್ನೋದು ಆರೋಪ. ಬೇರೆಯವರ ಪಾಸ್‌ವರ್ಡ್ ಅನ್ನು ಮೋಸದಿಂದ ಬಳಸಿದ್ರೆ ಐಟಿ ಕಾಯ್ದೆಯ ಸೆಕ್ಷನ್ 66ಸಿ ಪ್ರಕಾರ 3 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ. ಹಾಗಾಗಿ ತಮ್ಮ-ತಂಗಿ ಈ ವರ್ಷ ಸಿಇಟಿ ಬರೀತಿದ್ರೆ ಒಂದು ಮಾತು ಹೇಳಿ: ಸೈಬರ್ ಸೆಂಟರ್‌ನವರಿಗೂ ಪಾಸ್‌ವರ್ಡ್ ಬರೆದು ಕೊಡಬೇಡಿ.

ದೂರು ಕೊಡೋದು ಹೇಗೆ?

ದುಡ್ಡು ಈಗಷ್ಟೇ ಹೋಗಿದ್ರೆ ಮೊದಲು 1930ಕ್ಕೆ ಫೋನ್ ಮಾಡಿ. ಇದು ಸೈಬರ್ ವಂಚನೆಯ ಸಹಾಯವಾಣಿ; ಬೇಗ ತಿಳಿಸಿದಷ್ಟೂ ದುಡ್ಡು ತಡೆಹಿಡಿಯೋ ಸಾಧ್ಯತೆ ಜಾಸ್ತಿ.

ವ್ಯಾಪಾರ, ಸೇವೆಯ ಮೋಸಕ್ಕೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಕನ್ನಡದಲ್ಲೇ ಮಾತಾಡಬಹುದು. ಅಲ್ಲಿ ಬಗೆಹರಿಯದಿದ್ರೆ ಜಿಲ್ಲಾ ಗ್ರಾಹಕರ ಆಯೋಗ. ಇ-ಜಾಗೃತಿ ಪೋರ್ಟಲ್‌ನಲ್ಲಿ ಆನ್‌ಲೈನ್ ದೂರು ಹಾಕಬಹುದು. ಕೊಟ್ಟ ಮೊತ್ತ 5 ಲಕ್ಷದೊಳಗೆ ಇದ್ರೆ ಶುಲ್ಕ ಇಲ್ಲ. ವಕೀಲರು ಕಡ್ಡಾಯ ಅಲ್ಲ. ವಿಡಿಯೋ ಕಾನ್ಫರೆನ್ಸ್‌ನಲ್ಲಿ ವಿಚಾರಣೆಗೆ ಕೇಳಿಕೊಳ್ಳಬಹುದು.

ನಮ್ಮೂರಿನವರಿಗೆ ಮುಖ್ಯವಾದ ಬದಲಾವಣೆ ಇನ್ನೊಂದು. 2019ರ ಕಾಯ್ದೆ ಪ್ರಕಾರ ದೂರುದಾರರು ವಾಸ ಇರೋ ಜಾಗದಲ್ಲೇ ದೂರು ಕೊಡಬಹುದು. ಮೋಸ ಮಾಡಿದವರ ಆಫೀಸ್ ಬೆಂಗಳೂರಲ್ಲಿ ಇದ್ರೂ ಹಡಗಲಿಯವರು ಬೆಂಗಳೂರಿಗೆ ಅಲೆಯಬೇಕಾಗಿಲ್ಲ.

ಆದ್ರೆ ಎರಡು ವರ್ಷದೊಳಗೆ ಕೊಡಬೇಕು. ಅಂಕಲ್ ದುಡ್ಡು ಕಳಿಸಿದ್ದು 2024ರ ಜೂನ್. ಲೆಕ್ಕ ಹಾಕಿ ನೋಡಿ, ಈ ಜೂನ್‌ಗೆ ಗಡುವು ಮುಗಿಯುತ್ತೆ. ಹೋದ ವಾರ ನಾವಿಬ್ರೂ ಕೂತು 1915ಕ್ಕೆ ದೂರು ಕೊಟ್ವಿ. ಯುಪಿಐ ಸ್ಕ್ರೀನ್‌ಶಾಟ್ ಇದೆ, ವಾಟ್ಸಾಪ್‌ನಲ್ಲಿ ಬಂದ ರಶೀದಿ ಇದೆ, ಅದರಲ್ಲಿ ವಿಳಾಸ ಇದೆ. ಮಾಹಿತಿ ಯಾರು ಮಾರಿದ್ರು ಅಂತ ಸಾಬೀತು ಮಾಡೋದು ಕಷ್ಟ. "ಕೆಇಎ ಕಡೆಯವರು" ಅಂತ ಸುಳ್ಳು ಹೇಳಿ ದುಡ್ಡು ತಗೊಂಡಿದ್ದನ್ನು ತೋರಿಸೋದು ಅಷ್ಟು ಕಷ್ಟ ಅಲ್ಲ. "ಹೋಗ್ಲಿ ಬಿಡಮ್ಮ, ನಂದೇ ತಪ್ಪು" ಅಂತಿದ್ದ ಅಂಕಲ್ ಈಗ ದಿನಾ ಫೋನ್ ಮಾಡಿ "ಏನಾತು?" ಅಂತ ಕೇಳ್ತಾರೆ.

ಮುಂದೆ ಸಾಕ್ಷಿ ಸುಲಭವಾಗಿ ಸಿಗೋಕೆ ಒಂದು ಟ್ರಿಕ್: ಜಿಮೇಲ್ ಐಡಿಯಲ್ಲಿ ಹೆಸರಾದ ಮೇಲೆ ಪ್ಲಸ್ ಚಿಹ್ನೆ ಹಾಕಿ ಏನಾದ್ರೂ ಸೇರಿಸಿ ಕೊಡಿ. ಮೇಲ್ ನಿಮ್ಮ ಇನ್‌ಬಾಕ್ಸ್‌ಗೇ ಬರುತ್ತೆ, ಯಾವ ಫಾರ್ಮ್‌ನಿಂದ ಸೋರಿತು ಅಂತಾನೂ ಗೊತ್ತಾಗುತ್ತೆ.

ಕೊನೆಗೆ ನನ್ನದೊಂದು ತಪ್ಪೊಪ್ಪಿಗೆ

ಹೋದ ವರ್ಷ ಫೆಸ್ಟ್‌ನಲ್ಲಿ ನಾನು ರಿಜಿಸ್ಟ್ರೇಷನ್ ಟೀಮ್‌ನಲ್ಲಿದ್ದೆ. ಗೂಗಲ್ ಫಾರ್ಮ್‌ನಲ್ಲಿ ಹೆಸರು, ಯುಎಸ್‌ಎನ್, ನಂಬರ್, ಮೇಲ್ ಎಲ್ಲಾ ಕೇಳಿದ್ವಿ. ಸ್ಪಾನ್ಸರ್ ಒಬ್ರು "ಸ್ಟೂಡೆಂಟ್ಸ್ ಲಿಸ್ಟ್ ಕಳಿಸಿ" ಅಂದ್ರು. ಎರಡೇ ನಿಮಿಷದಲ್ಲಿ ವಾಟ್ಸಾಪ್‌ನಲ್ಲಿ ಎಕ್ಸೆಲ್ ಕಳಿಸಿಬಿಟ್ಟೆ. ಒಂದು ಕ್ಷಣಾನೂ ಏನೂ ಅನ್ನಿಸಲಿಲ್ಲ. ಆಮೇಲೆ ಕೋರ್ಸ್ ಮಾರೋ ಫೋನ್ ಬಂದು ನೀವೆಲ್ಲ ಬೈದುಕೊಂಡಿದ್ರೆ, ಆ ಲಿಸ್ಟ್ ಕೊಟ್ಟವಳು ನಾನೇ. ಕ್ಷಮಿಸಿ.

ಜಾತ್ರೆ ಸ್ಟಾಲ್‌ನವರಿಗೂ ನನಗೂ ಏನು ವ್ಯತ್ಯಾಸ ಅಂತ ಯೋಚಿಸಿದೆ. ಜಾಸ್ತಿ ಏನಿಲ್ಲ. ನಾಳೆ ನಾವೇ ಆ್ಯಪ್ ಬರೆಯೋರು, ಡೇಟಾಬೇಸ್ ನೋಡಿಕೊಳ್ಳೋರು. ಕಾನೂನು 2027ಕ್ಕೆ ಬರಲಿ, ಅಭ್ಯಾಸ ಈಗಲೇ ಶುರು ಮಾಡಬಹುದು.

ಈ ಸಲದ ಫೆಸ್ಟ್ ಫಾರ್ಮ್‌ನಲ್ಲಿ ಯುಎಸ್‌ಎನ್ ಕಾಲಂ ತೆಗೆದಿದ್ದೀವಿ, ಮೇಲುಗಡೆ ಕನ್ನಡದಲ್ಲಿ ಮೂರು ಸಾಲು ಹಾಕಿದ್ದೀವಿ: "ಈ ಮಾಹಿತಿ ಕಾರ್ಯಕ್ರಮದ ಸಂಪರ್ಕಕ್ಕೆ ಮಾತ್ರ. ಸ್ಪಾನ್ಸರ್ ಸೇರಿದಂತೆ ಯಾರಿಗೂ ಕೊಡುವುದಿಲ್ಲ. ಫೆಸ್ಟ್ ಮುಗಿದ 15 ದಿನಕ್ಕೆ ಅಳಿಸುತ್ತೇವೆ." ಅಳಿಸಿದ್ವೋ ಇಲ್ವೋ ಅಂತ ಹದಿನಾರನೇ ದಿನ ನನ್ನನ್ನೇ ಹಿಡಿದು ಕೇಳಿ.