ವಾರ್ಷಿಕೋತ್ಸವಕ್ಕೆ ಬಂದವರು ಸಹಿ ಹಾಕೋಕೆ ಯಾಕೆ ಬರಲಿಲ್ಲ?

ಚಿಂತಾಮಣಿ: ಡಿಸೆಂಬರ್ ಬಂತೆಂದರೆ ಊರಿನ ಖಾಸಗಿ ಹೈಸ್ಕೂಲುಗಳಲ್ಲಿ ಮೈಕಿನ ಸದ್ದು ಶುರು. ಶಾಮಿಯಾನ ಏಳುತ್ತದೆ, ಬಣ್ಣದ ಲೈಟು ಮಿನುಗುತ್ತದೆ. ಅಂಗಡಿ ಬಾಗಿಲು ಅರ್ಧ ಎಳೆದು ಅಪ್ಪಂದಿರು ಓಡಿ ಬರುತ್ತಾರೆ. ಅಮ್ಮಂದಿರು ಮುಂದಿನ ಸಾಲಿನ ಕುರ್ಚಿ ಹಿಡಿಯುತ್ತಾರೆ. ಅಜ್ಜಿಯೂ ಬರುತ್ತಾರೆ, ಊರಿಂದ ಬಂದ ಸೋದರಮಾವನೂ ಬರುತ್ತಾನೆ. ಮಗಳು ಕುಣಿಯುವುದು ಮೂರೇ ನಿಮಿಷ. ಅದಕ್ಕೆ ಮನೆಮಂದಿಯೆಲ್ಲ ಹಾಜರ್. ಬಹಳ ಸಂತೋಷ, ಬರಲೇಬೇಕು.

ಆದರೆ ಅದೇ ಶಾಲೆ ಅದೇ ಹೊತ್ತಿಗೆ ಇನ್ನೊಂದು ಚೀಟಿಯನ್ನೂ ಮನೆಗೆ ಕಳಿಸಿರುತ್ತದೆ. "ಹತ್ತನೇ ತರಗತಿ ವಿದ್ಯಾರ್ಥಿಗಳ ಹೆಸರು, ತಂದೆ ತಾಯಿ ಹೆಸರು, ಜನ್ಮ ದಿನಾಂಕ ಪರಿಶೀಲಿಸಿ ಸಹಿ ಮಾಡಲು ಪೋಷಕರು ಬರತಕ್ಕದ್ದು." ಎರಡೇ ಸಾಲು. ಬಣ್ಣವಿಲ್ಲ, ಚಿತ್ರವಿಲ್ಲ. ಇದಕ್ಕೆ ಮಾತ್ರ ಅಂಗಡಿ ಬಾಗಿಲು ಎಳೆಯುವವರು ಕಡಿಮೆ. "ನೀನೇ ನೋಡ್ಕೊಂಡು ಸೈನ್ ಹಾಕ್ಬಿಡು ಮಗಾ, ವ್ಯಾಪಾರದ ಟೈಮು" ಅಂತ ಹುಡುಗನ ಕೈಗೇ ವಾಪಸ್ ಕೊಟ್ಟು ಕಳಿಸುವವರೇ ಹೆಚ್ಚು.

ಫಜೀತಿ ಶುರುವಾಗುವುದು ಇಲ್ಲೇ.

ಎರಡು ಬಗೆಯ ಚೀಟಿ

ಖಾಸಗಿ ಶಾಲೆಯಿಂದ ವರ್ಷವಿಡೀ ಚೀಟಿಗಳು ಬರುತ್ತಲೇ ಇರುತ್ತವೆ. ಆಗಸ್ಟ್ 15ಕ್ಕೆ ಬಿಳಿ ಯೂನಿಫಾರಂ, ನವೆಂಬರ್ 1ಕ್ಕೆ ರಾಜ್ಯೋತ್ಸವ, ನವೆಂಬರ್ 14ಕ್ಕೆ ಮಕ್ಕಳ ದಿನಾಚರಣೆ, ಕ್ರೀಡಾಕೂಟ, ಪ್ರವಾಸ, ಫೀಸಿನ ಕಂತು, ಪೋಷಕರ ಸಭೆ. ಇಷ್ಟೊಂದರ ನಡುವೆ ಯಾವುದನ್ನು ಓದುವುದು, ಯಾವುದನ್ನು ಬಿಡುವುದು ಅಂತ ಜನ ಕೇಳುವುದರಲ್ಲಿ ತಪ್ಪಿಲ್ಲ.

ಲೆಕ್ಕ ಸುಲಭ. ಚೀಟಿಗಳಲ್ಲಿ ಎರಡೇ ಜಾತಿ. ಒಂದು, ತಪ್ಪಿದರೆ ಮುಂದಿನ ವರ್ಷ ಮತ್ತೆ ಬರುವಂಥದ್ದು. ಕ್ರೀಡಾಕೂಟ ತಪ್ಪಿತೇ? ಬೇಜಾರಿಲ್ಲ, ಇನ್ನೊಂದಿದೆ. ಎರಡನೆಯದು, ತಾರೀಖು ದಾಟಿದರೆ ವಾಪಸ್ ಬಾರದಂಥದ್ದು. ಈ ಎರಡನೇ ಜಾತಿಯ ಚೀಟಿ ವರ್ಷಕ್ಕೆ ನಾಲ್ಕೈದು ಇದ್ದರೆ ಹೆಚ್ಚು. ಅಷ್ಟನ್ನು ಹಿಡಿದರೆ ಸಾಕು, ಮಗುವಿನ ದಾರಿ ಸುಗಮ.

ಹೆಸರಿನ ಗೋಳು

ಮೊದಲನೆಯದು ಈ ಸಹಿ ಚೀಟಿ. ಎಸ್ಸೆಸ್ಸೆಲ್ಸಿ ಪರೀಕ್ಷೆ ನಡೆಸುವುದು ಬೆಂಗಳೂರು ಮಲ್ಲೇಶ್ವರದ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ. ಮುಂಚಿನ ಪ್ರೌಢಶಿಕ್ಷಣ ಪರೀಕ್ಷಾ ಮಂಡಳಿಯೇ 2022ರಲ್ಲಿ ಪಿಯು ಪರೀಕ್ಷೆಯನ್ನೂ ಸೇರಿಸಿಕೊಂಡು ಈ ಹೆಸರು ಪಡೆಯಿತು. ಮಂಡಳಿಗೆ ನಿಮ್ಮ ಮಗನ ಮುಖ ಗೊತ್ತಿಲ್ಲ. ಶಾಲೆಯವರು ಕಂಪ್ಯೂಟರಿಗೆ ಏರಿಸಿದ ಹೆಸರೇ ಅದಕ್ಕೆ ವೇದ. ಆ ಹೆಸರು ಬರುವುದು ಸ್ಯಾಟ್ಸ್ ಅನ್ನುವ ವಿದ್ಯಾರ್ಥಿಗಳ ಪಟ್ಟಿಯಿಂದ. ಸ್ಯಾಟ್ಸ್‌ಗೆ ಬಂದದ್ದು ಒಂದನೇ ಕ್ಲಾಸಿಗೆ ಸೇರಿಸಿದಾಗ ಬರೆಸಿದ ಅಡ್ಮಿಷನ್ ಪುಸ್ತಕದಿಂದ. ಅಂದು ಅವಸರದಲ್ಲಿ ಬರೆಸಿದ ತಪ್ಪು ಹತ್ತು ವರ್ಷ ಸುಮ್ಮನೆ ಮಲಗಿದ್ದು, ಮಾರ್ಕ್ಸ್ ಕಾರ್ಡಿನ ಮೇಲೆ ಎದ್ದು ಕೂರುತ್ತದೆ.

ನಮ್ಮ ಕಡೆ ಇದು ಇನ್ನೂ ತೊಡಕು. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಎಷ್ಟೋ ಮನೆಗಳಲ್ಲಿ ಉರ್ದು, ಶಾಲೆಯಲ್ಲಿ ಇಂಗ್ಲಿಷು. ಹೆಸರಿನ ಮುಂದಿನ ಇನಿಶಿಯಲ್ ಕೆಲವರಿಗೆ ಊರಿನದು, ಕೆಲವರಿಗೆ ತಂದೆಯದು, ಕೆಲವರಿಗೆ ಮನೆತನದ್ದು. ಆಧಾರ್ ಕಾರ್ಡಿನಲ್ಲಿ ಇನಿಶಿಯಲ್ ಹಿಂದೆ, ಶಾಲೆಯಲ್ಲಿ ಮುಂದೆ, ಬ್ಯಾಂಕ್ ಪಾಸ್ ಬುಕ್ಕಿನಲ್ಲಿ ಇಲ್ಲವೇ ಇಲ್ಲ. ಲಕ್ಷ್ಮಿ ಅನ್ನುವ ಹೆಸರಿಗೆ ಇಂಗ್ಲಿಷಿನಲ್ಲಿ ಮೂರು ಥರದ ಸ್ಪೆಲ್ಲಿಂಗು. ಮಂಜುನಾಥನ ಕೊನೆಯಲ್ಲಿ ಒಬ್ಬರು ‘ಎಚ್’ ಹಾಕಿದರೆ ಇನ್ನೊಬ್ಬರು ‘ಎಚ್’ ಜೊತೆಗೆ ‘ಎ’ ಕೂಡ ಹಾಕುತ್ತಾರೆ. ಕೂಗುವಾಗ ಎಲ್ಲ ಒಂದೇ. ಆದರೆ ಕಂಪ್ಯೂಟರಿಗೆ ಅವನು ಇಬ್ಬರು ಮಂಜುನಾಥ!

ಸಹಿ ಹಾಕುವ ಮುಂಚೆ ತಿದ್ದಿಸುವುದು ಹೆಡ್‌ಮಾಸ್ತರ ಮೇಜಿನ ಕೆಲಸ. ಮಾರ್ಕ್ಸ್ ಕಾರ್ಡ್ ಅಚ್ಚಾದ ಮೇಲೆ ಅರ್ಜಿ, ದಾಖಲೆ, ಫೀಸು, ಓಡಾಟ. ಜನ್ಮ ದಿನಾಂಕವೇ ತಪ್ಪಿದ್ದರಂತೂ ಸಾಮಾನ್ಯವಾಗಿ ಕೋರ್ಟಿನ ಮೆಟ್ಟಿಲೇ ಗತಿ. ಪಿಯು ಸೇರಲು, ಕೆಲಸಕ್ಕೆ ಅರ್ಜಿ ಹಾಕಲು, ಪಾಸ್‌ಪೋರ್ಟ್ ಮಾಡಿಸಲು, ಎಲ್ಲಕ್ಕೂ ಇದೇ ಕಾರ್ಡು ಮುಂದೆ ನಿಲ್ಲುತ್ತದೆ. ಹತ್ತು ನಿಮಿಷದ ಕೆಲಸ ಬಿಟ್ಟದ್ದಕ್ಕೆ ಹತ್ತು ಸಲ ಬೆಂಗಳೂರು ಬಸ್ಸು ಹತ್ತಬೇಕಾಗುತ್ತದೆ. ಯಾವುದು ಅಗ್ಗ?

ಜೊತೆಗೆ ಇನ್ನೊಂದು ಮಾತು. ಹತ್ತನೇ ಕ್ಲಾಸಿನ ಮಕ್ಕಳಿಗೆ ಹದಿನೈದು ತುಂಬುವ ಕಾಲ. ಹದಿನೈದಕ್ಕೆ ಆಧಾರಿನಲ್ಲಿ ಬೆರಳಚ್ಚು, ಕಣ್ಣಿನ ಗುರುತು ಹೊಸದಾಗಿ ಕೊಡಬೇಕು. ಹದಿನೈದರಿಂದ ಹದಿನೇಳರೊಳಗೆ ಕೊಟ್ಟರೆ ಅದಕ್ಕೆ ದುಡ್ಡಿಲ್ಲ. ಹೆಸರು ಸರಿಮಾಡಿಸುವುದಿದ್ದರೆ ಅದನ್ನೂ ಆ ಓಡಾಟದಲ್ಲೇ ಮುಗಿಸಿಕೊಳ್ಳುವುದು ಜಾಣತನ.

ಸ್ಕಾಲರ್‌ಶಿಪ್ ಚೀಟಿ

ವಿದ್ಯಾರ್ಥಿವೇತನ ಸರ್ಕಾರಿ ಶಾಲೆಯವರಿಗೆ ಮಾತ್ರ ಅನ್ನುವ ತಪ್ಪು ಕಲ್ಪನೆ ಪೇಟೆಯಲ್ಲಿ ಬಹಳ. ಎಲ್ಲ ಯೋಜನೆಗೂ ಆ ಮಾತು ಹೊಂದುವುದಿಲ್ಲ. ಯಾವ ಯೋಜನೆ ಯಾರಿಗೆ ಅಂತ ಶಾಲೆಯಲ್ಲಿ ಕೇಳಿ ತಿಳಿದುಕೊಳ್ಳಬೇಕು. ರಾಜ್ಯದ ವಿದ್ಯಾರ್ಥಿವೇತನಕ್ಕೆ ಅರ್ಜಿ ಹೋಗುವುದು ಎಸ್.ಎಸ್.ಪಿ. ಪೋರ್ಟಲ್ ಮೂಲಕ. ಅದಕ್ಕೆ ನಾಡಕಚೇರಿಯ ಜಾತಿ, ಆದಾಯ ಪತ್ರದ ಆರ್.ಡಿ. ನಂಬರು ಬೇಕು. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರಬೇಕು. ಇಲ್ಲೂ ಹೆಸರು ಹೊಂದದಿದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ. ಕೊನೆ ದಿನ ಸೈಬರ್ ಸೆಂಟರ್ ಮುಂದೆ ಕ್ಯೂ ನಿಂತು ಸರ್ವರ್ ಬೈಯುವುದಕ್ಕಿಂತ, ಆದಾಯ ಪತ್ರದ ಅವಧಿ ಮುಗಿದಿದೆಯಾ ಅಂತ ಜೂನ್‌ನಲ್ಲೇ ನೋಡಿಕೊಳ್ಳುವುದು ಲೇಸು.

ಎಂಟು ದಾಟಿದರೆ ಫೀಸು

ಮೂರನೆಯದು ಆರ್.ಟಿ.ಇ. ಮಕ್ಕಳ ಮನೆಗೆ ಬರುವ ಚೀಟಿ. 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಖಾಸಗಿ ಶಾಲೆಯಲ್ಲಿ ನೂರಕ್ಕೆ 25 ಸೀಟು ಬಡ, ಹಿಂದುಳಿದ ಮನೆಗಳ ಮಕ್ಕಳಿಗೆ ಅಂತಾಯಿತು. 2019ರಲ್ಲಿ ಕರ್ನಾಟಕ ನಿಯಮ ಬದಲಿಸಿ, ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇರುವ ಕಡೆ ಖಾಸಗಿ ಶಾಲೆಗೆ ಈ ಸೀಟು ಬೇಕಿಲ್ಲ ಎಂದಿತು. ಅದಕ್ಕೆ ಮುಂಚೆ ಸೇರಿದ ಮಕ್ಕಳು ಬ್ಯಾಚು ಬ್ಯಾಚಾಗಿ ಹೈಸ್ಕೂಲಿಗೆ ಬಂದರು.

ಕಾಯ್ದೆಯ ಉಚಿತ ಶಿಕ್ಷಣ ಎಂಟನೇ ತರಗತಿಗೆ ಮುಗಿಯುತ್ತದೆ. ಒಂಬತ್ತಕ್ಕೆ ಕಾಲಿಟ್ಟ ದಿನ ಆ ಮಗುವೂ ಎಲ್ಲರಂತೆ ಪೂರ್ತಿ ಫೀಸಿನ ಮಗು. ಇದು ಎಷ್ಟೋ ತಂದೆ ತಾಯಿಗೆ ತಿಳಿಯುವುದು ಜೂನ್‌ನಲ್ಲಿ, ಫೀಸು ಚೀಟಿ ಕೈಗೆ ಬಂದಾಗ. "ಇಷ್ಟು ವರ್ಷ ಇಲ್ದಿದ್ದು ಈಗ್ಯಾಕೆ ಸಾರ್?" ಅನ್ನುವ ಪ್ರಶ್ನೆಗೆ ಆಫೀಸಿನ ಗುಮಾಸ್ತರ ಬಳಿ ಉತ್ತರವಿಲ್ಲ, ಕಾಯ್ದೆ ಇರುವುದೇ ಹಾಗೆ. ಆದ್ದರಿಂದ ಎಂಟನೇ ತರಗತಿಯ ಮಧ್ಯದಲ್ಲೇ ಮನೆಯಲ್ಲಿ ಕೂತು ಮಾತಾಡಬೇಕು: ಇಲ್ಲೇ ಓದಿಸುವುದೋ, ಸರ್ಕಾರಿ ಹೈಸ್ಕೂಲಿಗೆ ಹಾಕುವುದೋ. ಇಲ್ಲೇ ಆದರೆ ಕಂತಿಗೆ ಒಪ್ಪುತ್ತಾರಾ ಅಂತ ಆಡಳಿತದವರನ್ನು ಮುಂಚೆಯೇ ಕೇಳಬಹುದು. ಬೇರೆ ಕಡೆ ಆದರೆ ಟಿ.ಸಿ. ಬೇಕು. ಎಂಟನೇ ತರಗತಿ ತನಕದ ಮಕ್ಕಳಿಗೆ ಮುಖ್ಯೋಪಾಧ್ಯಾಯರು ತಡಮಾಡದೆ ಟಿ.ಸಿ. ಕೊಡಬೇಕು ಅಂತ ಅದೇ ಕಾಯ್ದೆಯ 5ನೇ ಕಲಮು ಹೇಳುತ್ತದೆ. ತಡವಾದರೆ ಬಿ.ಇ.ಒ. ಕಚೇರಿಗೆ ಲಿಖಿತ ಅರ್ಜಿ ಕೊಡುವುದು ದಾರಿ, ಬಾಯಿಮಾತಿನ ಜಗಳವಲ್ಲ. ಕೊಟ್ಟ ಪ್ರತಿ ರೂಪಾಯಿಗೂ ರಸೀದಿ ಇಟ್ಟುಕೊಳ್ಳಬೇಕು. ಇದನ್ನು ಅಂಗಡಿಯವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಹಾಜರಿಯ ಎಚ್ಚರಿಕೆ

ನಾಲ್ಕನೆಯದು ಹಾಜರಿ ಚೀಟಿ. ಎಸ್ಸೆಸ್ಸೆಲ್ಸಿಗೆ ಕೂರಬೇಕಾದರೆ ನೂರಕ್ಕೆ 75 ಹಾಜರಿ ಇರಲೇಬೇಕು. ಈ ಕಡೆಯ ಬದುಕು ಗೊತ್ತಿರುವುದೇ. ರೇಷ್ಮೆ ಹುಳ ಹಣ್ಣಾಗಿ ಚಂದ್ರಿಕೆಗೆ ಬಿಡುವ ದಿನ ಮನೆಯಲ್ಲಿ ಎಷ್ಟು ಕೈ ಇದ್ದರೂ ಸಾಲದು. ಟೊಮೇಟೊ ಕೀಳುವ ದಿನ ಮಂಡಿಗೆ ಹೋಗಲು ಒಬ್ಬ ಹುಡುಗ ಬೇಕು. ಮದುವೆ ಸೀಸನ್ನಿನಲ್ಲಿ ಬಟ್ಟೆ ಅಂಗಡಿ ಗಲ್ಲಾ ಮೇಲೆ ಮಗ ಕೂತರೆ ಅಪ್ಪನಿಗೆ ಉಸಿರು. ಒಂದೊಂದು ದಿನ ಸೇರಿ ತಿಂಗಳಾಗುತ್ತದೆ.

ಅಷ್ಟೇ ಅಲ್ಲ. ಎಸ್ಸೆಸ್ಸೆಲ್ಸಿಯ 625 ಅಂಕದಲ್ಲಿ 125 ಅಂಕ ಶಾಲೆಯಲ್ಲೇ, ಆಂತರಿಕ ಮೌಲ್ಯಮಾಪನದಲ್ಲಿ ಸಿಗುವಂಥದ್ದು. ಮೊದಲ ಭಾಷೆಗೆ 25, ಉಳಿದ ಐದು ವಿಷಯಕ್ಕೆ ತಲಾ 20. ಕಿರುಪರೀಕ್ಷೆ, ಪ್ರಾಜೆಕ್ಟ್ ದಿನ ಮಗು ಮಂಡಿಯಲ್ಲಿದ್ದರೆ ಈ ಅಂಕಕ್ಕೆ ಏಟು. "ಇಂಥ ದಿನ ಟೆಸ್ಟು" ಅನ್ನುವ ಚೀಟಿ ಇದ್ದ ದಿನ ಗಲ್ಲಾಪೆಟ್ಟಿಗೆ ಬೇರೆಯವರು ನೋಡಿಕೊಳ್ಳಲಿ.

ಮೇ ತಿಂಗಳ ಚೀಟಿ

ಕೊನೆಯದು ಎಲ್ಲಕ್ಕಿಂತ ಕಷ್ಟದ್ದು, ಏಕೆಂದರೆ ಅದು ಬರುವುದು ಶಾಲೆಗೆ ಬೀಗ ಬಿದ್ದ ಮೇಲೆ.

2020ರಲ್ಲಿ ಕೊರೊನಾ ನಡುವೆ ಜೂನ್ 25ರಿಂದ ಪರೀಕ್ಷೆ ನಡೆದು, ಆಗಸ್ಟ್ 10ಕ್ಕೆ ಫಲಿತಾಂಶ ಬಂದಾಗ ರಾಜ್ಯಕ್ಕೇ ಮೊದಲು ನಿಂತದ್ದು ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆ. ಆ ಹೆಮ್ಮೆ ಇರಲಿ. ಆಮೇಲೆ ಗಾಳಿ ಬದಲಾಗಿದೆ. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಕಾವಲು ಬಂತು. 2023ರಲ್ಲಿ ನೂರಕ್ಕೆ 83.89 ಇದ್ದ ರಾಜ್ಯದ ಫಲಿತಾಂಶ 2024ರಲ್ಲಿ 73.40ಕ್ಕೆ ಇಳಿಯಿತು. ಅಂದರೆ ಚೆನ್ನಾಗಿ ಓದುವ ಮನೆಯಲ್ಲೂ ಒಂದು ವಿಷಯ ಕೈಕೊಡಬಹುದು.

ಅದಕ್ಕೆ ಪರಿಹಾರವೂ ಅದೇ ವರ್ಷ ಬಂತು. 2024ರಲ್ಲಿ ಎಸ್ಸೆಸ್ಸೆಲ್ಸಿಗೆ ಮೂರು ಅವಕಾಶ ಕೊಟ್ಟರು: ಪರೀಕ್ಷೆ-1, ಪರೀಕ್ಷೆ-2, ಪರೀಕ್ಷೆ-3. ಮೂರರಲ್ಲಿ ಹೆಚ್ಚು ಬಂದ ಅಂಕವನ್ನೇ ಇಟ್ಟುಕೊಳ್ಳಬಹುದಿತ್ತು. ಫೇಲಾದ ಮಗುವಿಗೆ ವರ್ಷ ಹಾಳಾಗದಂತೆ ಬಾಗಿಲು ತೆರೆದಿದೆ. ಆದರೆ ಫಲಿತಾಂಶ ಬಂದ ಮೇಲೆ ಉತ್ತರಪತ್ರಿಕೆಯ ನಕಲು, ಮರುಮೌಲ್ಯಮಾಪನ, ಮುಂದಿನ ಪರೀಕ್ಷೆಯ ನೋಂದಣಿ, ಇವಕ್ಕೆಲ್ಲ ಸಿಗುವುದು ಬೆರಳೆಣಿಕೆಯ ದಿನ. ಆಗ ಕುಟುಂಬ ತಿರುಪತಿಯಲ್ಲೋ, ಅಜ್ಜಿ ಊರಿನಲ್ಲೋ. ಇನ್ನು ಕೆಲವು ಮನೆಗಳಲ್ಲಿ ಫೇಲಾದ ನಾಚಿಕೆಗೆ ಶಾಲೆ ಕಡೆ ಮುಖ ಹಾಕುವವರೇ ಇಲ್ಲ. ಮಗುವಿಗೆ ಬೈಯಲು ಮೂರು ದಿನ, ಅಳಲು ಎರಡು ದಿನ. ಅಷ್ಟರಲ್ಲಿ ತಾರೀಖು ದಾಟಿರುತ್ತದೆ. ಫಲಿತಾಂಶದ ದಿನ ಮಾಡಬೇಕಾದ ಮೊದಲ ಕೆಲಸ ಬೈಗುಳವಲ್ಲ, ಹೆಡ್‌ಮಾಸ್ತರಿಗೆ ಒಂದು ಫೋನು.

ಚೀಟಿ ಕಳೆಯುವುದೆಲ್ಲಿ?

ತಪ್ಪೆಲ್ಲ ಪೋಷಕರದೇ ಅನ್ನುವಂತಿಲ್ಲ. ಮುಂಚೆ ಚೀಟಿ ಡೈರಿಯಲ್ಲಿ ಬರುತ್ತಿತ್ತು, ಸಹಿ ಮಾಡದೆ ವಾಪಸ್ ಹೋಗುವಂತಿರಲಿಲ್ಲ. ಕೊರೊನಾ ಬಂದ ಮೇಲೆ ಎಲ್ಲ ವಾಟ್ಸ್‌ಆ್ಯಪ್ ಗ್ರೂಪಿಗೆ ಬಂತು. ಆ ಗ್ರೂಪಿನಲ್ಲಿ ಗುಡ್ ಮಾರ್ನಿಂಗ್ ಹೂವು, ಹುಟ್ಟುಹಬ್ಬದ ಕೇಕು, ನಡುವೆ ಎಲ್ಲೋ ಒಂದು ಇಂಗ್ಲಿಷ್ ನೋಟೀಸು. ಫೋನು ಅಪ್ಪನ ಜೇಬಿನಲ್ಲಿ, ಅಪ್ಪ ಬೆಂಗಳೂರು ಬಸ್ಸಿನಲ್ಲಿ, ಮಗುವಿನ ಓದು ನೋಡುವ ಅಮ್ಮ ಮನೆಯಲ್ಲಿ. ಹೇಗೆ ತಲುಪೀತು?

ಶಾಲೆಯವರು ಮಾಡಬಹುದಾದದ್ದು ದೊಡ್ಡ ಖರ್ಚಿನದಲ್ಲ. ವಾಪಸ್ ಬಾರದ ತಾರೀಖಿನ ಚೀಟಿಯನ್ನು ಕನ್ನಡದಲ್ಲೂ ಬರೆಯಲಿ, ಕಾಗದದಲ್ಲೂ ಕಳಿಸಲಿ. ಗೇಟಿನ ಬೋರ್ಡಿನ ಮೇಲೆ ದಪ್ಪ ಅಕ್ಷರದಲ್ಲಿ ಹಾಕಲಿ. ಸಹಿಗೆ ಬೆಳಗ್ಗೆ ಹನ್ನೊಂದಕ್ಕೆ ಕರೆದರೆ ವ್ಯಾಪಾರಸ್ಥ ಬರಲಾರ, ಬಸ್ಸಿನವನು ಬರಲಾರ. ಸಂಜೆ ಒಂದು ಗಂಟೆ, ಇಲ್ಲವೇ ಭಾನುವಾರ ಬೆಳಗ್ಗೆ ಇಟ್ಟರೆ ಬರುವವರ ಸಂಖ್ಯೆ ತಾನಾಗೇ ಏರುತ್ತದೆ. ವಾರ್ಷಿಕೋತ್ಸವದ ದಿನವೇ ಶಾಮಿಯಾನದ ಪಕ್ಕ ಒಂದು ಮೇಜು ಹಾಕಿ ಪಟ್ಟಿ ಇಟ್ಟರೆ? ಹೇಗೂ ಮನೆಮಂದಿಯೆಲ್ಲ ಅಲ್ಲೇ ಇರುತ್ತಾರೆ!

ಗೋಡೆಗೆ ಅಂಟಿಸಿಕೊಳ್ಳಿ

ತಾರೀಖು ವರ್ಷ ವರ್ಷ ಹಿಂದೆ ಮುಂದೆ ಆಗುತ್ತದೆ, ಶಾಲೆಯಲ್ಲಿ ಕೇಳಿ ಖಾತ್ರಿ ಮಾಡಿಕೊಳ್ಳಬೇಕು. ಸುಮಾರಾಗಿ ಲೆಕ್ಕ ಹೀಗೆ:

ಜೂನ್: ಶಾಲೆಯಲ್ಲಿರುವ ಮೊಬೈಲ್ ನಂಬರು ಈಗಿನದೇ? ಗಂಡುಮಕ್ಕಳಿಗೆ ಕೆ.ಎಸ್.ಆರ್.ಟಿ.ಸಿ. ಪಾಸಿಗೆ ಸೇವಾ ಸಿಂಧುವಿನಲ್ಲಿ ಅರ್ಜಿ. ಪ್ರೈವೇಟ್ ಬಸ್ಸಿನಲ್ಲಿ ಆ ಪಾಸು ನಡೆಯುವುದಿಲ್ಲ.

ಜುಲೈ, ಆಗಸ್ಟ್: ಜಾತಿ, ಆದಾಯ ಪತ್ರ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ. ಸ್ಕಾಲರ್‌ಶಿಪ್ ಯಾವಾಗ ಎಂದು ಕೇಳುವುದು.

ದಸರಾ ರಜೆಗೆ ಮುಂಚೆ: ಹಾಜರಿ ಎಷ್ಟಾಗಿದೆ ಅಂತ ಕ್ಲಾಸ್ ಟೀಚರ್ ಬಳಿ ಒಂದು ಮಾತು.

ನವೆಂಬರ್, ಡಿಸೆಂಬರ್: ಎಸ್ಸೆಸ್ಸೆಲ್ಸಿ ನೋಂದಣಿ. ಆಧಾರ್ ಕಾರ್ಡು, ಜನನ ಪ್ರಮಾಣಪತ್ರ ಕೈಯಲ್ಲಿ ಹಿಡಿದು, ಅಕ್ಷರ ಅಕ್ಷರ ಓದಿ ಸಹಿ. ಎಂಟನೇ ತರಗತಿಯ ಆರ್.ಟಿ.ಇ. ಮನೆಗಳಲ್ಲಿ ಮುಂದಿನ ವರ್ಷದ ತೀರ್ಮಾನ.

ಫೆಬ್ರವರಿ, ಮಾರ್ಚ್: ಪೂರ್ವಸಿದ್ಧತಾ ಪರೀಕ್ಷೆ, ಪ್ರವೇಶ ಪತ್ರ. ಅದರಲ್ಲೂ ಹೆಸರು ಇನ್ನೊಮ್ಮೆ.

ಮೇ: ಫಲಿತಾಂಶ. ಕಡಿಮೆ ಬಂದಿದ್ದರೆ ಅಂದೇ ಫೋನು.

ಇಷ್ಟೇ. ಕುಣಿತ ನೋಡೋಕೆ ಖಂಡಿತ ಹೋಗಿ, ಚಪ್ಪಾಳೆ ತಟ್ಟಿ, ಫೋಟೋ ತೆಗೀರಿ. ಹಾಗೇ ಬರುವಾಗ ಆಫೀಸ್ ರೂಮಿಗೆ ಹೊಕ್ಕು, "ನಮ್ಮ ಹುಡುಗಿ ಹೆಸರು ಹೇಗೆ ಬರ್ದಿದೀರಿ, ಸ್ವಲ್ಪ ತೋರ್ಸಿ ಸಾರ್" ಅಂತ ಕೇಳಿ. ಅದಕ್ಕೆ ಹಿಡಿಯುವುದೂ ಮೂರೇ ನಿಮಿಷ.